ಅಂಟುಜಾಡ್ಯದ ಆಸ್ಪತ್ರೆಯೂ ತೀವ್ರ ನಿಗಾ ಚಿಕಿತ್ಸೆಯ ಉದಯವೂ: ಡಾ. ಬ್ಯೋರ್ನ್ ಇಬ್ಸೆನ್ನರ ವೃತ್ತಿಜೀವನ

ವೈದ್ಯಶಾಸ್ತ್ರದ ಶಾಖೆಗಳು ಹೇಗೆ ಹುಟ್ಟುತ್ತವೆಂಬ ಪ್ರಶ್ನೆಯನ್ನು ವೈದ್ಯರು ಸಾಮಾನ್ಯವಾಗಿ ಕೇಳುವುದಿಲ್ಲ. ಅವರಿಗೆ ಬೇರೆ ಕೆಲಸವಿದೆ. ಅದು ಇತಿಹಾಸದ ವಿದ್ಯಾರ್ಥಿಯ ಪಾಲಿಗೆ ಬರತಕ್ಕ ಪ್ರಶ್ನೆ. ಸಾಂಕ್ರಾಮಿಕ ರೋಗಗಳ ಚಿಕಿತ್ಸೆ ಮತ್ತು ತೀವ್ರ ನಿಗಾ ಚಿಕಿತ್ಸೆ ಎಂಬ ಎರಡು ಶಾಖೆಗಳನ್ನು ಒಬ್ಬನೇ ವೈದ್ಯನು ಅಭ್ಯಾಸಮಾಡಿ ಎರಡರಲ್ಲಿಯೂ ತಜ್ಞನೆನಿಸುವುದು ಇಂದು ಅಪರೂಪವಲ್ಲ. ಮೇಲುನೋಟಕ್ಕೆ ಇವೆರಡಕ್ಕೂ ನಂಟಿಲ್ಲ. ಒಂದು, ರೋಗಿಯನ್ನು ಊರಿನಿಂದ ದೂರವಿಟ್ಟು ಕಾಯುವ ಹಳೆಯ ವಿದ್ಯೆ. ಇನ್ನೊಂದು, ಯಂತ್ರಗಳ ನಡುವೆ ರೋಗಿಯನ್ನಿಟ್ಟು ಕ್ಷಣಕ್ಷಣವೂ ಅಳೆಯುವ ಹೊಸ ವಿದ್ಯೆ. ಆದರೆ ಹೊಸದು ಹುಟ್ಟಿದ್ದು ಹಳೆಯದರ ಅಂಗಳದಲ್ಲಿಯೇ. ಅದು ಹುಟ್ಟಿದ ಊರು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್. ಕಾಲ, 1952ರ ಆಗಸ್ಟ್ ತಿಂಗಳು. ಮುಖ್ಯ ಪಾತ್ರಧಾರಿ, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು. (ಈ ಹೆಸರನ್ನು ಕೇಳಿದೊಡನೆ ನಮ್ಮ ಕಾಲೇಜುಗಳಲ್ಲಿ ನಾಟಕಕಾರನ ನೆನಪಾಗುವುದು ಸಹಜ. ಆತ ನಾರ್ವೆ ದೇಶದವನು, ಇವರು ಡೇನರು.) ಇಬ್ಸೆನ್ನರ ವೃತ್ತಿಜೀವನವನ್ನು ಆಧಾರವಾಗಿಟ್ಟುಕೊಂಡು ಈ ಶಾಖೆಯ ಹುಟ್ಟನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಬ್ಸೆನ್ನರು 1915ರ ಆಗಸ್ಟ್ 30ರಂದು ಕೋಪನ್‌ಹೇಗನ್ನಿನಲ್ಲಿ ಜನಿಸಿದರು. 1940ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಿಂದ ವೈದ್ಯಪದವಿಯನ್ನು ಪಡೆದರು. ಡೆನ್ಮಾರ್ಕು ಜರ್ಮನರ ವಶಕ್ಕೆ ಹೋದ ವರ್ಷವೂ ಅದೇ. ಪದವಿಯ ತರುವಾಯ ಅವರು ಕೆಲವು ವರ್ಷ ಯೂಟ್‌ಲೆಂಡಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸಮಾಡಿದರು. ಸಣ್ಣ ಆಸ್ಪತ್ರೆಯ ವೈದ್ಯನು ಎಲ್ಲವನ್ನೂ ಮಾಡಬೇಕಾಗುತ್ತದೆ. ಶಸ್ತ್ರಚಿಕಿತ್ಸೆ, ಹೆರಿಗೆ, ಅರಿವಳಿಕೆ ಯಾವುದೂ ಬೇರೊಬ್ಬರ ಕೆಲಸವಲ್ಲ. 1949ರಲ್ಲಿ ಅವರು ಅಮೆರಿಕಕ್ಕೆ ಹೋಗಿ, ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಹೆನ್ರಿ ಬೀಚರ್ ಎಂಬ ಆಚಾರ್ಯರ ಕೈಕೆಳಗೆ ಒಂದು ವರ್ಷ ಅರಿವಳಿಕೆ ಶಾಸ್ತ್ರವನ್ನು ಕಲಿತು ಬಂದರು. ಬೀಚರರ ಹೆಸರನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಈ ವೃತ್ತಾಂತದ ಕೊನೆಯಲ್ಲಿ ಅವರು ಮತ್ತೆ ಬರುತ್ತಾರೆ.

ಆ ಕಾಲದ ಯೂರೋಪಿನಲ್ಲಿ ಅರಿವಳಿಕೆ ತಜ್ಞನ ಸ್ಥಾನ ಎಂಥದೆಂಬುದನ್ನು ಇಲ್ಲಿ ಹೇಳುವುದು ಅವಶ್ಯ. ಶಸ್ತ್ರವೈದ್ಯನು ಯಜಮಾನ, ಅರಿವಳಿಕೆ ಕೊಡುವವನು ಆತನ ಸಹಾಯಕ. ಅನೇಕ ಕಡೆ ಆ ಕೆಲಸವನ್ನು ದಾದಿಯರೋ ಕಿರಿಯ ವೈದ್ಯರೋ ಮಾಡುತ್ತಿದ್ದರು. ಶಸ್ತ್ರಚಿಕಿತ್ಸೆಯ ಕೊಠಡಿಯ ಹೊಸ್ತಿಲಾಚೆ ಅರಿವಳಿಕೆ ತಜ್ಞನಿಗೆ ಏನು ಕೆಲಸವೆಂದು ಯಾರೂ ಯೋಚಿಸಿರಲಿಲ್ಲ. ಆದರೆ ಆ ಕೊಠಡಿಯೊಳಗೆ ಅವನಿಗೊಂದು ವಿಶೇಷ ವಿದ್ಯೆ ದೊರೆತಿತ್ತು. ಕ್ಯುರಾರೆ ಎಂಬ ಔಷಧಿಯಿಂದ ರೋಗಿಯ ಸ್ನಾಯುಗಳೆಲ್ಲ ಸಡಿಲವಾಗಿ ಉಸಿರಾಟವೇ ನಿಂತಾಗ, ಗಂಟಲಿಗೆ ಕೊಳವೆಯನ್ನಿಳಿಸಿ, ರಬ್ಬರಿನ ಚೀಲವೊಂದನ್ನು ಕೈಯಿಂದ ಅದುಮಿ, ಶಸ್ತ್ರಚಿಕಿತ್ಸೆ ಮುಗಿಯುವವರೆಗೆ ಅವನ ಉಸಿರನ್ನು ತಾನೇ ನಡೆಸುವ ವಿದ್ಯೆ ಅದು. ಕಮ್ಮಾರನು ತಿದಿಯೊತ್ತಿದಂತೆ. ಇದು ಅವನಿಗೆ ದಿನನಿತ್ಯದ ಸಂಗತಿ. ಮಿಕ್ಕ ವೈದ್ಯರಿಗೆ ಅದರ ಅರಿವು ಇರಲಿಲ್ಲವೆಂದರೂ ಸಲ್ಲುತ್ತದೆ.

ಇನ್ನು ಆ ಆಸ್ಪತ್ರೆಯ ವಿಷಯ. ಬ್ಲೆಗ್‌ಡಾಮ್ ಆಸ್ಪತ್ರೆ ಕೋಪನ್‌ಹೇಗನ್ನಿನ ಅಂಟುರೋಗಗಳ ಆಸ್ಪತ್ರೆ. ಪ್ರೊಫೆಸರ್ ಎಚ್. ಸಿ. ಎ. ಲಾಸೆನ್ನರು ಅದರ ಮುಖ್ಯ ವೈದ್ಯರು. 1952ರ ಬೇಸಗೆಯಲ್ಲಿ ಪೋಲಿಯೋ ಜಾಡ್ಯ ಆ ನಗರವನ್ನು ಹೊಕ್ಕಿತು. ಪೋಲಿಯೋ ಹೊಸ ರೋಗವೇನಲ್ಲ. ಆದರೆ ಈ ಸಲ ಬಂದ ರೀತಿ ಬೇರೆ. ಜುಲೈಯಿಂದ ಡಿಸೆಂಬರಿನವರೆಗೆ ಆ ಒಂದೇ ಆಸ್ಪತ್ರೆಗೆ ಸುಮಾರು 2,700 ಮಂದಿ ಪೋಲಿಯೋ ರೋಗಿಗಳು ಬಂದರು. ಜಾಡ್ಯದ ಏರುಕಾಲದಲ್ಲಿ ದಿನಕ್ಕೆ 50 ಮಂದಿಯವರೆಗೆ ಸೇರುತ್ತಿದ್ದರು. ಅವರಲ್ಲಿ 300ಕ್ಕೂ ಹೆಚ್ಚು ಮಂದಿಗೆ ಉಸಿರಾಟದ ಅಥವಾ ನುಂಗುವ ಸ್ನಾಯುಗಳೇ ಸೋತುಹೋಗಿದ್ದವು. ಅನೇಕರು ಮಕ್ಕಳು.

ಪೋಲಿಯೋ ವಿಷಾಣು ಕೈಕಾಲುಗಳನ್ನು ಊನಗೊಳಿಸುವುದನ್ನು ನಾವೆಲ್ಲ ಬಲ್ಲೆವು. ಒಂದು ತಲೆಮಾರಿನ ಹಿಂದಿನವರೆಗೆ ನಮ್ಮ ಪ್ರತಿಯೊಂದು ಊರಿನಲ್ಲಿಯೂ ಅದರ ಗುರುತುಗಳಿದ್ದವು. ಅದು ಬೆನ್ನುಹುರಿಯ ಮೇಲುಭಾಗಕ್ಕೆ ತಾಗಿದರೆ ವಪೆಯೂ ಪಕ್ಕೆಲುಬುಗಳ ನಡುವಣ ಸ್ನಾಯುಗಳೂ ನಿಲ್ಲುತ್ತವೆ. ಇನ್ನೂ ಮೇಲೆ, ಮೆದುಳಿನ ಬುಡಕ್ಕೆ ತಾಗಿದರೆ ನುಂಗುವ ಶಕ್ತಿ ಹೋಗುತ್ತದೆ. ಆಗ ಜೊಲ್ಲು, ಕಫಗಳು ಗಂಟಲಿನಲ್ಲಿ ನಿಂತು ಶ್ವಾಸಕೋಶಕ್ಕೆ ಇಳಿಯುತ್ತವೆ. ರೋಗಿ ಒಣನೆಲದ ಮೇಲೆ ಮಲಗಿದ್ದೇ ಮುಳುಗಿ ಸಾಯುತ್ತಾನೆ. ಇದಕ್ಕೆ ಆಗ ಇದ್ದ ಉಪಾಯ 1928ರಲ್ಲಿ ಬಾಸ್ಟನ್ನಿನಲ್ಲಿ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಶಾ ನಿರ್ಮಿಸಿದ ‘ಕಬ್ಬಿಣದ ಶ್ವಾಸಕೋಶ’. ರೋಗಿಯ ತಲೆಯೊಂದನ್ನುಳಿದು ದೇಹವನ್ನೆಲ್ಲ ಒಂದು ಪೆಟ್ಟಿಗೆಯೊಳಗಿಟ್ಟು, ಒಳಗಿನ ಗಾಳಿಯ ಒತ್ತಡವನ್ನು ಇಳಿಸಿದರೆ ಎದೆ ತಾನಾಗಿ ಹಿಗ್ಗಿ ಗಾಳಿಯನ್ನೆಳೆದುಕೊಳ್ಳುತ್ತದೆ. ಕೈಕಾಲು ಎದೆಗಳು ಮಾತ್ರ ಸೋತವನಿಗೆ ಇದು ಒಳ್ಳೆಯ ಯಂತ್ರ. ನುಂಗಲಾರದವನಿಗೆ ಇದರಿಂದ ಅಪಾಯವೇ ಹೆಚ್ಚು. ಗಾಳಿಯೊಡನೆ ಗಂಟಲಿನ ಕಫವನ್ನೂ ಅದು ಎಳೆದುಕೊಳ್ಳುತ್ತದೆಯಷ್ಟೆ.

ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಇಂಥ ದೊಡ್ಡ ಯಂತ್ರ ಇದ್ದದ್ದು ಒಂದೇ ಒಂದು. ಎದೆಗೆ ಮಾತ್ರ ಕಟ್ಟುವ ಸಣ್ಣ ಕವಚದಂತಹ ಯಂತ್ರಗಳು ಆರು. ಮೊದಲ ಮೂರು ವಾರಗಳಲ್ಲಿ ಈ ಯಂತ್ರಗಳಿಂದ ಚಿಕಿತ್ಸೆ ಪಡೆದವರು 31 ಮಂದಿ, ಸತ್ತವರು 27. ಲಾಸೆನ್ನರು ಅಸಮರ್ಥರಲ್ಲ. ತಮ್ಮ ಕಾಲದ ಶಾಸ್ತ್ರವನ್ನು ಚೆನ್ನಾಗಿ ಬಲ್ಲವರು. ಶಾಸ್ತ್ರವೇ ಅಲ್ಲಿ ಕೈಬಿಟ್ಟಿತ್ತು.

ಆ ಆಸ್ಪತ್ರೆಯಲ್ಲಿ ಮೊಗೆನ್ಸ್ ಬ್ಯೋರ್ನೆಬೋ ಎಂಬ ಕಿರಿಯ ವೈದ್ಯರಿದ್ದರು. ಅದೇ ವರ್ಷ, ಜಾಡ್ಯ ಬರುವುದಕ್ಕೆ ಮೊದಲು, ಧನುರ್ವಾಯು ತಗುಲಿದ ನವಜಾತ ಶಿಶುವೊಂದರ ಚಿಕಿತ್ಸೆಯಲ್ಲಿ ಅವರು ಇಬ್ಸೆನ್ನರ ನೆರವು ಪಡೆದಿದ್ದರು. ಶಿಶುವಿನ ಸೆಟೆತವನ್ನು ಕ್ಯುರಾರೆಯಿಂದ ತಡೆದು, ಕೈಯಿಂದಲೇ ಅದರ ಉಸಿರನ್ನು ನಡೆಸಿದ್ದನ್ನು ಕಂಡಿದ್ದರು. ಇಬ್ಸೆನ್ನರನ್ನು ಕರೆಸಿ ಕೇಳೋಣವೆಂದು ಲಾಸೆನ್ನರಿಗೆ ಸೂಚಿಸಿದವರು ಇವರೇ. ಅಂಟುರೋಗಗಳ ಪ್ರಾಧ್ಯಾಪಕರು ಶಸ್ತ್ರಚಿಕಿತ್ಸೆಯ ಕೊಠಡಿಯ ಸಹಾಯಕನೊಬ್ಬನ ಸಲಹೆ ಕೇಳುವುದು ಆ ಕಾಲದ ಮರ್ಯಾದೆಗೆ ಒಗ್ಗುವ ಮಾತಾಗಿರಲಿಲ್ಲ. ಲಾಸೆನ್ನರು ಮೊದಲು ಹಿಂಜರಿದರೆಂದು ಹೇಳುತ್ತಾರೆ. ಹಿಂಜರಿದಿರಬಹುದು, ಆದರೆ ಕರೆಸಿದರು. ಒಂದು ವಿದ್ಯಾಸಂಸ್ಥೆಯಲ್ಲಿ ಮೇಲಿನವರ ಹಿಂಜರಿಕೆ ಎಷ್ಟು ದಿನ ಉಳಿಯುತ್ತದೆಂಬುದರ ಮೇಲೆ ಎಷ್ಟೋ ಸಂಗತಿಗಳು ನಿಲ್ಲುತ್ತವೆ. ಇಲ್ಲಿ ಅದರ ಮೇಲೆ ನಿಂತದ್ದು ಜನರ ಪ್ರಾಣ.

ಆಗಸ್ಟ್ 25ರಂದು ಸಭೆ ಸೇರಿತು. ಸತ್ತ ನಾಲ್ವರ ಶವಪರೀಕ್ಷೆಯ ವಿವರಗಳನ್ನೂ ರೋಗಿಗಳ ದಾಖಲೆಗಳನ್ನೂ ಇಬ್ಸೆನ್ನರು ನೋಡಿದರು. ಇಲ್ಲಿ ನಡೆದದ್ದು ಪ್ರಯೋಗಶಾಲೆಯ ಸಂಶೋಧನೆಯಲ್ಲ. ದಾಖಲೆಗಳನ್ನು ಓದುವ ಕೆಲಸ. ಆದಕಾರಣ ನಮ್ಮ ವಿಭಾಗದ ವಿದ್ಯಾರ್ಥಿಗಳು ಇದನ್ನು ತುಸು ನಿಧಾನವಾಗಿ ಗಮನಿಸಬೇಕೆಂದು ನನ್ನ ಅಪೇಕ್ಷೆ.

ರೋಗಿಗಳ ರಕ್ತದಲ್ಲಿ ಇಂಗಾಲಾಮ್ಲದ ಒಟ್ಟು ಅಂಶ ಬಹಳ ಹೆಚ್ಚಾಗಿದೆಯೆಂದು ಪ್ರಯೋಗಶಾಲೆ ವರದಿಮಾಡಿತ್ತು. ಈ ಅಂಕಿ ಎಲ್ಲರ ಕಣ್ಣ ಮುಂದೆಯೇ ಇತ್ತು. ಅದನ್ನು ಆಸ್ಪತ್ರೆಯ ವೈದ್ಯರು, ರಕ್ತದಲ್ಲಿ ಕ್ಷಾರಗುಣ ಹೆಚ್ಚಿರುವುದರ ಚಿಹ್ನೆಯೆಂದೂ ಈ ರೋಗದಲ್ಲಿ ಅದೊಂದು ಅರ್ಥವಾಗದ ವಿಕಾರವೆಂದೂ ಓದಿದ್ದರು. ರೋಗಿಗಳು ಬೆವರುತ್ತಿದ್ದರು, ಅವರ ರಕ್ತದೊತ್ತಡ ಏರುತ್ತಿತ್ತು, ಆಮೇಲೆ ಎಚ್ಚರ ತಪ್ಪಿ ಸಾಯುತ್ತಿದ್ದರು. ವಿಷಾಣು ಮೆದುಳನ್ನೇ ಕೆಡಿಸಿದುದರ ಫಲವಿದು, ಇದಕ್ಕೆ ಮದ್ದಿಲ್ಲ ಎಂಬುದು ಅವರ ತೀರ್ಮಾನ. ಇಬ್ಸೆನ್ನರು ಅದೇ ಅಂಕಿಯನ್ನು ಬೇರೆ ರೀತಿಯಲ್ಲಿ ಓದಿದರು. ಬೆವರು, ಏರಿದ ರಕ್ತದೊತ್ತಡ, ಮಂಕು, ಇವುಗಳನ್ನು ಅವರು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಬೇಕಾದಷ್ಟು ಸಲ ಕಂಡಿದ್ದರು. ಉಸಿರು ಸಾಲದೆ ಹೋದಾಗ ಇಂಗಾಲಾಮ್ಲ ವಾಯು ಹೊರಹೋಗದೆ ರಕ್ತದಲ್ಲಿ ನಿಲ್ಲುವುದರ ಚಿಹ್ನೆಗಳು ಅವು. ಹೆಚ್ಚಾಗಿರುವುದು ಕ್ಷಾರವಲ್ಲ, ಆಮ್ಲ. ಶವಪರೀಕ್ಷೆಯಲ್ಲಿ ಶ್ವಾಸಕೋಶಗಳು ಗಾಳಿ ಹಿಡಿಯಲಾರದಷ್ಟು ಕೆಟ್ಟಿರಲಿಲ್ಲವೆಂಬುದನ್ನೂ ಅವರು ಗಮನಿಸಿದರು. ಹಾಗಾದರೆ ಇವರು ಸತ್ತದ್ದು ಮೆದುಳಿನ ರೋಗದಿಂದಲ್ಲ, ಉಸಿರು ಸಾಲದೆ. ಅದು ಮನುಷ್ಯರ ಕೈಯಿಂದ ಸರಿಪಡಿಸಬಹುದಾದ ಕೊರತೆ.

ಇಲ್ಲಿ ಒಂದು ವಿಡಂಬನೆಯುಂಟು. ಆಮ್ಲಕ್ಷಾರಗಳನ್ನು ಅಳೆಯುವ ‘ಪಿಎಚ್’ ಮಾನವನ್ನು 1909ರಲ್ಲಿ ಸೋರೆನ್ಸನ್ನರು ರೂಪಿಸಿದ್ದು ಇದೇ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ. ರಕ್ತದ ಆಮ್ಲತೆಗೂ ಇಂಗಾಲಾಮ್ಲಕ್ಕೂ ಇರುವ ಸಂಬಂಧವನ್ನು ಸಮೀಕರಣವಾಗಿ ಬರೆದ ಹ್ಯಾಸೆಲ್‌ಬಾಲ್ಕರೂ ಇದೇ ಊರಿನವರು. ಆ ಸಮೀಕರಣಕ್ಕೆ ಎರಡು ಅಂಕಿಗಳು ಬೇಕು. ಒಂದೇ ಅಂಕಿಯಿಂದ ರಕ್ತ ಆಮ್ಲವೋ ಕ್ಷಾರವೋ ಎಂಬುದು ತಿಳಿಯುವುದಿಲ್ಲ. ಆಸ್ಪತ್ರೆಯವರು ಒಂದನ್ನಷ್ಟೇ ಅಳೆದು, ಎರಡನೆಯದನ್ನು ಊಹಿಸಿಕೊಂಡಿದ್ದರು. ಬ್ಲೆಗ್‌ಡಾಮ್ ಪ್ರಯೋಗಶಾಲೆಯ ಮುಖ್ಯಸ್ಥರಾಗಿದ್ದ ಪೌಲ್ ಆಸ್ಟ್ರುಪ್‌ ಅವರು ಪಿಎಚ್ ಅಳೆದು ನೋಡಿದಾಗ ರಕ್ತ ನಿಜವಾಗಿಯೂ ಆಮ್ಲಭರಿತವಾಗಿದ್ದುದು ಕಂಡುಬಂದಿತು. ಆಸ್ಟ್ರುಪ್‌ರ ಮುಂದಿನ ವೃತ್ತಿಜೀವನವೆಲ್ಲ ಈ ಅಳತೆಯ ಸುತ್ತಲೇ ಬೆಳೆಯಿತು. ಇಂದು ಪ್ರತಿಯೊಂದು ದೊಡ್ಡ ಆಸ್ಪತ್ರೆಯಲ್ಲಿಯೂ ರೋಗಿಯ ಅಪಧಮನಿಯಿಂದ ಒಂದಿಷ್ಟು ರಕ್ತ ತೆಗೆದು ಕೆಲವೇ ನಿಮಿಷಗಳಲ್ಲಿ ಮಾಡುವ ಪರೀಕ್ಷೆಯ ಮೂಲ ಅಲ್ಲಿದೆ.

ಊಹೆ ಸರಿಯೆಂದು ತೋರಿಸಬೇಕಾಗಿತ್ತು. ಆಗಸ್ಟ್ 27ರಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳನ್ನು ಇಬ್ಸೆನ್ನರಿಗೆ ಒಪ್ಪಿಸಿದರು. ಅವಳ ನಾಲ್ಕು ಅವಯವಗಳೂ ಸೋತಿದ್ದವು. ಎಡ ಶ್ವಾಸಕೋಶ ಮುದುಡಿತ್ತು. ಜ್ವರ ವಿಪರೀತ. ತನ್ನ ಕಫದಲ್ಲಿ ತಾನೇ ಮುಳುಗುತ್ತಿದ್ದಳು. ಚರ್ಮವನ್ನು ಮಾತ್ರ ಮರಗಟ್ಟಿಸಿ, ಗಂಟಲಿನ ಕೆಳಗೆ ಶ್ವಾಸನಾಳದಲ್ಲಿ ರಂಧ್ರಮಾಡಿ, ಅದರೊಳಗೆ ರಬ್ಬರಿನ ಕೊಳವೆಯನ್ನಿಟ್ಟರು. ಕೊಳವೆಯ ಸುತ್ತಲೂ ಉಬ್ಬುವ ಪಟ್ಟಿಯಿದ್ದುದರಿಂದ ಮೇಲಿನ ಕಫ ಕೆಳಗಿಳಿಯಲಾರದು, ಒಳಗೆ ಒತ್ತಿದ ಗಾಳಿ ಮೇಲೆ ಸೋರಲಾರದು. ಆದರೆ ಚೀಲವನ್ನು ಅದುಮಿದಾಗ ಗಾಳಿ ಒಳಹೋಗಲಿಲ್ಲ. ಹುಡುಗಿ ತನ್ನಲ್ಲುಳಿದಿದ್ದ ಶಕ್ತಿಯಿಂದೆಲ್ಲ ಅದಕ್ಕೆ ಎದುರಾಗಿ ಹೋರಾಡುತ್ತಿದ್ದಳು. ಅವಳ ಬಣ್ಣ ನೀಲಿಗೆ ತಿರುಗಿತು. ನೋಡಲು ನಿಂತಿದ್ದ ವೈದ್ಯರು ಇನ್ನು ಆಗದೆಂದು ಒಬ್ಬೊಬ್ಬರಾಗಿ ಹೊರಟರು.

ಆಗ ಇಬ್ಸೆನ್ನರು ಮಾಡಿದ ಕೆಲಸ ಅರಿವಳಿಕೆ ತಜ್ಞನಿಗಲ್ಲದೆ ಬೇರೆಯವರಿಗೆ ತೋಚುವಂಥದಲ್ಲ. ಉಸಿರಿಗಾಗಿ ಒದ್ದಾಡುತ್ತಿದ್ದ ಮಗುವಿಗೆ ಪೆಂಟೊಥಾಲ್ ಚುಚ್ಚಿ, ಅವಳಲ್ಲಿ ಉಳಿದಿದ್ದ ಉಸಿರನ್ನೂ ನಿಲ್ಲಿಸಿದರು. ದೇಹ ಸಡಿಲಗೊಂಡಿತು, ಚೀಲದ ಗಾಳಿ ಎದೆಯನ್ನು ತುಂಬಿತು. ಬಣ್ಣ ತಿರುಗಿತು, ಚರ್ಮ ಬೆಚ್ಚಗಾಗಿ ಒಣಗಿತು, ರಕ್ತದೊತ್ತಡ ಇಳಿಯಿತು. ಹೊರಟವರು ಹಿಂದಿರುಗಿದರು. ಅಷ್ಟಕ್ಕೇ ಬಿಡಲಿಲ್ಲ. ಹಳೆಯ ಕವಚಯಂತ್ರವನ್ನು ಅವಳಿಗೆ ತೊಡಿಸಿ ನೋಡಿದಾಗ ಇಂಗಾಲಾಮ್ಲ ಮತ್ತೆ ಏರಿತು. ಚೀಲಕ್ಕೆ ಮರಳಿದಾಗ ಮತ್ತೆ ಇಳಿಯಿತು. ವಾದಕ್ಕೆ ಇನ್ನು ಎಡೆಯುಳಿಯಲಿಲ್ಲ. ಆ ಹುಡುಗಿ ಬದುಕಿ, ಉಸಿರಾಟಕ್ಕೆ ಯಂತ್ರದ ಆಸರೆಯೊಡನೆಯೇ ದೊಡ್ಡವಳಾದಳು.

ಈ ವಿಧಾನ ಸಂಪೂರ್ಣವಾಗಿ ಇಬ್ಸೆನ್ನರ ಸೃಷ್ಟಿಯೆ? ಅಲ್ಲ. ಲಾಸ್ ಏಂಜಲೀಸಿನಲ್ಲಿ ಆಲ್ಬರ್ಟ್ ಬೋವರರು, ವಿ. ರೇ ಬೆನೆಟ್ ಎಂಬ ಯಂತ್ರಶಿಲ್ಪಿಯ ನೆರವಿನಿಂದ, ಕಬ್ಬಿಣದ ಶ್ವಾಸಕೋಶದೊಳಗಿದ್ದ ರೋಗಿಗಳಿಗೆ ಗಾಳಿಯನ್ನು ಒತ್ತಿ ತುಂಬುವ ಉಪಕರಣವನ್ನು ಜೋಡಿಸಿ ಸಾವುಗಳನ್ನು ಬಹಳ ತಗ್ಗಿಸಿದ್ದರು. ಆ ವರದಿ 1950ರಲ್ಲಿ ಪ್ರಕಟವಾಗಿತ್ತು; ಇಬ್ಸೆನ್ನರು ಅದನ್ನು ಓದಿದ್ದರು. ಹೆಚ್ಚು ಪ್ರಚಾರವಿಲ್ಲದ ಪ್ರಾಂತೀಯ ಪತ್ರಿಕೆಯೊಂದರ ಲೇಖನ ಅಟ್ಲಾಂಟಿಕ್ ಸಾಗರವನ್ನು ದಾಟಿ ತಕ್ಕ ಓದುಗನನ್ನು ಸೇರಿದ್ದು ಇಂತಹ ಸಂಚಿಕೆಗಳಿಗೆ ಬರೆಯುವ ನಮ್ಮಂಥವರಿಗೆ ಸ್ವಲ್ಪ ಸಮಾಧಾನದ ಸಂಗತಿ. ಕಬ್ಬಿಣದ ಪೆಟ್ಟಿಗೆಯನ್ನೇ ಕೈಬಿಟ್ಟು, ಗಾಳಿ ಒತ್ತುವುದೊಂದನ್ನೇ ನೆಚ್ಚಿದ್ದು ಇಬ್ಸೆನ್ನರ ಹೆಜ್ಜೆ.

ಒಬ್ಬ ಹುಡುಗಿಗೆ ಒಂದು ಕೈ ಸಾಕು. ಎಪ್ಪತ್ತು ಮಂದಿಗೆ? ಜಾಡ್ಯದ ಏರುಕಾಲದಲ್ಲಿ ಒಂದೇ ವೇಳೆಯಲ್ಲಿ ಸುಮಾರು 70 ಮಂದಿ ರೋಗಿಗಳ ಉಸಿರನ್ನು ಕೈಯಿಂದ ನಡೆಸಬೇಕಾಗಿತ್ತು. ಯಂತ್ರಗಳಿರಲಿಲ್ಲ. ಚೀಲಗಳೂ ಆಮ್ಲಜನಕವೂ ಇದ್ದವು, ಕೈಗಳು ಬೇಕಾಗಿದ್ದವು. ವಿಶ್ವವಿದ್ಯಾಲಯದ ವೈದ್ಯವಿದ್ಯಾರ್ಥಿಗಳನ್ನು ಕರೆದರು. ಪಾಳಿಯ ಮೇಲೆ ಬಂದು, ರೋಗಿಯ ತಲೆದಿಂಬಿನ ಬಳಿ ಕುಳಿತು, ಹಗಲೂ ರಾತ್ರಿಯೂ ಚೀಲವನ್ನು ಅದುಮಿದವರು ಸುಮಾರು 1,500 ವಿದ್ಯಾರ್ಥಿಗಳು. ಅವರ ದುಡಿಮೆಯ ಒಟ್ಟು ಕಾಲವನ್ನು 1,65,000 ಗಂಟೆಗಳೆಂದು ಲೆಕ್ಕಮಾಡಿದ್ದಾರೆ. ನಿಮಿಷಕ್ಕೆ ಇಪ್ಪತ್ತು ಸಲದಂತೆ ಎಣಿಸಿದರೆ ಇಪ್ಪತ್ತು ಕೋಟಿಗೆ ಸ್ವಲ್ಪ ಕಡಿಮೆ ಉಸಿರುಗಳು! (ಈ ಗುಣಾಕಾರ ನನ್ನದು, ಓದುಗರು ಪರಿಶೀಲಿಸಬಹುದು.)

ಕೊಳವೆಯಿದ್ದ ರೋಗಿ ಮಾತನಾಡಲಾರ. ಅವನಿಗೆ ಗಾಳಿ ಸಾಕಾಯಿತೋ ಇಲ್ಲವೋ ಎಂಬುದನ್ನು ಮುಖವನ್ನು ನೋಡಿ ತಿಳಿಯಬೇಕು. ಕಣ್ಣಸನ್ನೆಯೇ ಇಬ್ಬರ ನಡುವಣ ಭಾಷೆ. ರೋಗಿ ಮಗುವಾದರೆ ಅದುಮುತ್ತಲೇ ಕಥೆಯನ್ನೂ ಓದಿ ಹೇಳಬೇಕು. ಇಪ್ಪತ್ತು ಇಪ್ಪತ್ತೆರಡು ವಯಸ್ಸಿನ ವಿದ್ಯಾರ್ಥಿ, ಇನ್ನೂ ಪರೀಕ್ಷೆ ಮುಗಿಸದವನು, ಒಂದು ಜೀವ ತನ್ನ ಅಂಗೈಯ ಹಿಡಿತದಲ್ಲಿದೆಯೆಂಬುದನ್ನು ಅಕ್ಷರಶಃ ಅರಿತು ರಾತ್ರಿಯನ್ನು ಕಳೆಯುತ್ತಿದ್ದ. ಅದುಮುತ್ತಿದ್ದಂತೆಯೇ ಆ ಜೀವ ಹೋದದ್ದೂ ಉಂಟು. ಪೋಲಿಯೋ ತಮಗೂ ಅಂಟಬಹುದೆಂಬುದು ಅವರಿಗೆ ತಿಳಿಯದ ಮಾತಲ್ಲ. ಲಸಿಕೆ ಇನ್ನೂ ಬಂದಿರಲಿಲ್ಲ. ಸಾಲ್ಕರ ಲಸಿಕೆಯ ಫಲಿತಾಂಶವನ್ನು ಘೋಷಿಸಿದ್ದು 1955ರಲ್ಲಿ. ವೈದ್ಯಚರಿತ್ರೆಯ ಪುಸ್ತಕಗಳು ಇಬ್ಸೆನ್ನರ ಹೆಸರನ್ನು ಹೇಳಿ ಈ ಮಂದಿಯನ್ನು ಒಂದು ಸಂಖ್ಯೆಯಾಗಿ ಬರೆದು ಮುಂದೆ ಸಾಗುತ್ತವೆ. ನನ್ನ ಅಭಿಪ್ರಾಯದಲ್ಲಿ ಇದು ಸರಿಯಾದ ಪ್ರಮಾಣವಲ್ಲ. ಇಬ್ಸೆನ್ನರ ವಿಚಾರವಿಲ್ಲದೆ ಆ ಕೈಗಳಿಗೆ ಕೆಲಸವಿರುತ್ತಿರಲಿಲ್ಲ, ನಿಜ. ಆ ಕೈಗಳಿಲ್ಲದಿದ್ದರೆ ಆ ವಿಚಾರ ಒಬ್ಬ ಹುಡುಗಿಯೊಡನೆಯೇ ಮುಗಿಯುತ್ತಿತ್ತು. ಹಾಗೆಯೇ, ರೋಗಿಗಳನ್ನು ಒಂದೆಡೆ ಕೂಡಿಸಿ, ಪಾಳಿಗಳನ್ನು ಏರ್ಪಡಿಸಿ, ದಾದಿಯರು, ಅರಿವಳಿಕೆ ವೈದ್ಯರು, ಪ್ರಯೋಗಶಾಲೆಯವರು ಎಲ್ಲರನ್ನೂ ಒಂದೇ ಕೆಲಸಕ್ಕೆ ಹೂಡಿದ ಲಾಸೆನ್ನರ ಆಡಳಿತಶಕ್ತಿಯನ್ನೂ ಕಡಿಮೆ ಎಣಿಸಲಾಗದು.

ಫಲ ಬೇಗನೆ ಕಂಡಿತು. ಮೊದಲು ನೂರಕ್ಕೆ 87ರಷ್ಟಿದ್ದ ಸಾವಿನ ಪ್ರಮಾಣ ತಿಂಗಳುಗಳಲ್ಲಿ ಸುಮಾರು 40ಕ್ಕೂ ಅನಂತರ ಇನ್ನೂ ಕೆಳಕ್ಕೂ ಇಳಿಯಿತು. ಲಾಸೆನ್ನರ ವರದಿ 1953ರ ಜನವರಿ 3ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಗಿ ಜಗತ್ತಿಗೆ ಸುದ್ದಿ ತಿಳಿಯಿತು. ಅದರ ಕರ್ತೃಸ್ಥಾನದಲ್ಲಿದ್ದ ಹೆಸರು ಲಾಸೆನ್ನರದೊಂದೇ. ಇಬ್ಸೆನ್ನರು ತಮ್ಮ ದೃಷ್ಟಿಯ ವಿವರವನ್ನು 1954ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್ನಿನ ನಡವಳಿಗಳಲ್ಲಿ ಪ್ರಕಟಿಸಿದರು. ಆಕರಗಳನ್ನು ಬಳಸುವವರು ಎರಡನ್ನೂ ಜೊತೆಗಿಟ್ಟು ಓದಬೇಕು. ಒಂದರಲ್ಲಿ ಆಸ್ಪತ್ರೆಯೊಂದು ಸಂಕಟವನ್ನು ಎದುರಿಸಿದ ಕಥೆ ಕಾಣುತ್ತದೆ. ಇನ್ನೊಂದರಲ್ಲಿ ಒಂದು ವಿಚಾರದ ಕಥೆ.

ಮುಂದಿನ ವರ್ಷ ಜಾಡ್ಯ ಸ್ಟಾಕ್‌ಹೋಮಿಗೆ ಹೋಯಿತು. ಅಷ್ಟರಲ್ಲಿ ಸ್ವೀಡನ್ನಿನ ಕಾರ್ಲ್ ಗುನ್ನಾರ್ ಎಂಗ್‌ಸ್ಟ್ರೋಮರು, ವಿದ್ಯಾರ್ಥಿಯ ಕೈ ಮಾಡುತ್ತಿದ್ದ ಕೆಲಸವನ್ನು ತಾನೇ ಮಾಡುವ ಯಂತ್ರವನ್ನು ಸಿದ್ಧಗೊಳಿಸಿದ್ದರು. ಈಗಿನ ವೆಂಟಿಲೇಟರುಗಳು ಆ ವಂಶದವು. ಯಂತ್ರ ಬಂದಮೇಲೆ ಕೈ ಬೇಡವಾಯಿತೆಂದು ತಿಳಿಯುವುದು ತಪ್ಪು. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ವೆಂಟಿಲೇಟರುಗಳನ್ನು ಕೊಂಡು ತಂದರೂ ಅವುಗಳನ್ನು ನಡೆಸಬಲ್ಲ ವೈದ್ಯರೂ ದಾದಿಯರೂ ಸಾಲದೆ ಹೋದುದನ್ನು ನಾವೇ ಕಂಡಿದ್ದೇವೆ.

ಕೋಪನ್‌ಹೇಗನ್ನಿನಲ್ಲಿ ಜಾಡ್ಯ ಇಳಿದ ಮೇಲೆ ಇಬ್ಸೆನ್ನರು ಕೇಳಿಕೊಂಡ ಪ್ರಶ್ನೆ ಅವರ ವೃತ್ತಿಜೀವನದ ಎರಡನೆಯ ತಿರುವು. ಉಸಿರು ಸಾಲದೆ ಸಾಯುವವರು ಪೋಲಿಯೋ ರೋಗಿಗಳು ಮಾತ್ರವೆ? ಧನುರ್ವಾಯುವಿನವರು, ವಿಷ ಕುಡಿದವರು, ದೊಡ್ಡ ಶಸ್ತ್ರಚಿಕಿತ್ಸೆಯಾದವರು, ಅಪಘಾತಕ್ಕೆ ಸಿಕ್ಕಿದವರು ಇವರೆಲ್ಲರ ಅಂತ್ಯವೂ ಬಹುಮಟ್ಟಿಗೆ ಅದೇ. ರೋಗ ಯಾವುದೇ ಇರಲಿ, ಸಾವಿನ ದಾರಿ ಒಂದೆಯಾದರೆ ಆ ದಾರಿಯಲ್ಲಿ ಕಾವಲು ನಿಲ್ಲಬಹುದಲ್ಲವೆ? 1953ರ ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿನ ಕಮ್ಯೂನ್ ಆಸ್ಪತ್ರೆಯಲ್ಲಿ, ಎಲ್ಲ ವಿಭಾಗಗಳ ಇಂತಹ ರೋಗಿಗಳನ್ನು ಒಂದೆಡೆ ಸೇರಿಸಿ, ಹಗಲಿರುಳೂ ದಾದಿಯರೂ ವೈದ್ಯರೂ ಬಳಿಯಿರುವಂತೆ ಒಂದು ವಾರ್ಡನ್ನು ಅವರು ಏರ್ಪಡಿಸಿದರು. ಜಗತ್ತಿನ ಮೊದಲ ತೀವ್ರ ನಿಗಾ ಘಟಕವೆಂದು ಇಂದು ಅನೇಕರು ಹೆಸರಿಸುವುದು ಇದನ್ನೇ.

‘ಮೊದಲ’ ಎಂಬ ವಿಶೇಷಣದ ಬಗ್ಗೆ ಇತಿಹಾಸಕಾರನು ಎಚ್ಚರದಿಂದಿರಬೇಕು. 1923ರಲ್ಲಿಯೇ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಾಲ್ಟರ್ ಡ್ಯಾಂಡಿಯವರು ಮೆದುಳಿನ ಶಸ್ತ್ರಚಿಕಿತ್ಸೆಯಾದವರಿಗಾಗಿ ಮೂರು ಹಾಸಿಗೆಗಳ ಪ್ರತ್ಯೇಕ ಕೊಠಡಿಯನ್ನಿಟ್ಟಿದ್ದರು. ಇನ್ನೂ ಹಿಂದಕ್ಕೆ ಹೋಗಿ ಕ್ರಿಮಿಯಾ ಯುದ್ಧದ ಫ್ಲಾರೆನ್ಸ್ ನೈಟಿಂಗೇಲರನ್ನು ಹೇಳುವವರೂ ಇದ್ದಾರೆ. ಹತ್ತಿರವಿಟ್ಟು ನೋಡಿಕೊಳ್ಳುವುದು ಹಳೆಯ ಬುದ್ಧಿ. ಸೋತ ಅಂಗದ ಕೆಲಸವನ್ನು ಹೊರಗಿನಿಂದ ನಡೆಸುತ್ತ, ಅಳೆಯುತ್ತ, ರೋಗ ತಾನಾಗಿ ಇಳಿಯುವವರೆಗೆ ಕಾಲವನ್ನು ಗಳಿಸುವುದು ಹೊಸ ಬುದ್ಧಿ. ಎರಡನೆಯದು ಕೋಪನ್‌ಹೇಗನ್ನಿಗೆ ಸಲ್ಲಬೇಕು. 1958ರಲ್ಲಿ ಪೀಟರ್ ಸಫಾರರು ಬಾಲ್ಟಿಮೋರಿನಲ್ಲಿ ಇಂತಹ ಘಟಕವನ್ನು ತೆರೆದರು. ಭಾರತದಲ್ಲಿ, ಧನುರ್ವಾಯುವಿನ ಚಿಕಿತ್ಸೆಯೊಡನೆ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಮುಂಬಯಿಯ ಡಾ. ಫರೋಖ್ ಉದ್ವಾಡಿಯಾ ಅವರ ಹೆಸರು ಪ್ರಸಿದ್ಧ. ಅಂಟುರೋಗವೇ ಇಲ್ಲಿಯೂ ಬಾಗಿಲಾಯಿತೆಂಬುದು ಗಮನಾರ್ಹ.

ಈ ಹೊಸ ಶಕ್ತಿ ತಂದೊಡ್ಡಿದ ಪ್ರಶ್ನೆಯೊಂದನ್ನು ಹೇಳದೆ ಇಬ್ಸೆನ್ನರ ವಿಷಯ ಪೂರ್ಣವಾಗದು. ಉಸಿರು ನಿಂತರೆ ಸಾವು, ಇದು ಅನಾದಿಯಿಂದ ಬಂದ ನಿಶ್ಚಯ. ನಮ್ಮ ಭಾಷೆಯಲ್ಲಂತೂ ಪ್ರಾಣವೆಂಬ ಮಾತು ಉಸಿರನ್ನೂ ಜೀವವನ್ನೂ ಒಟ್ಟಿಗೆ ಹೇಳುತ್ತದೆ. ಉಸಿರನ್ನು ಹೊರಗಿನಿಂದ ಎಷ್ಟು ಕಾಲವಾದರೂ ನಡೆಸಬಹುದಾದಾಗ ಸಾವು ಯಾವುದು? 1954ರಲ್ಲಿ ಪ್ಯಾರಿಸಿನ ಕ್ಲಾಡ್ ಬರ್ನಾರ್ ಆಸ್ಪತ್ರೆಯಲ್ಲಿ ಉಸಿರಾಟದ ಚಿಕಿತ್ಸಾಕೇಂದ್ರವನ್ನು ತೆರೆದ ಪಿಯೇರ್ ಮೊಲಾರೆ ಅವರೂ ಅಂಟುರೋಗಗಳ ವೈದ್ಯರೇ. ಯಂತ್ರದಿಂದ ಉಸಿರಾಡುತ್ತ, ಹೃದಯ ಬಡಿಯುತ್ತ, ಮೆದುಳು ಸಂಪೂರ್ಣವಾಗಿ ನಿಂತುಹೋಗಿದ್ದ 23 ರೋಗಿಗಳ ಸ್ಥಿತಿಯನ್ನು ಅವರೂ ಮೋರಿಸ್ ಗುಲೋನರೂ 1959ರಲ್ಲಿ ವರ್ಣಿಸಿದರು. ಅದಕ್ಕೆ ಎರಡು ವರ್ಷ ಮುಂಚೆ, 1957ರ ನವೆಂಬರಿನಲ್ಲಿ, ಅರಿವಳಿಕೆ ತಜ್ಞರು ಕೇಳಿದ ಪ್ರಶ್ನೆಗೆ ಉತ್ತರವಾಗಿ ಪೋಪ್ ಹನ್ನೆರಡನೆಯ ಪಯಸ್ಸರು, ಆಸೆಯಿಲ್ಲದ ಸ್ಥಿತಿಯಲ್ಲಿ ಅಸಾಧಾರಣ ಉಪಾಯಗಳನ್ನು ಮುಂದುವರಿಸಲೇಬೇಕೆಂಬ ಬಾಧ್ಯತೆ ವೈದ್ಯನಿಗಿಲ್ಲವೆಂದು ಹೇಳಿದ್ದರು. ಮೆದುಳಿನ ಸಾವನ್ನು ಸಾವೆಂದೇ ಎಣಿಸಬೇಕೆಂದು ಲಕ್ಷಣಗಳನ್ನು ಗೊತ್ತುಮಾಡಿದ್ದು 1968ರ ಹಾರ್ವರ್ಡ್ ಸಮಿತಿ. ಅದರ ಅಧ್ಯಕ್ಷರು ಹೆನ್ರಿ ಬೀಚರ್, ಇಬ್ಸೆನ್ನರಿಗೆ ಬಾಸ್ಟನ್ನಿನಲ್ಲಿ ಅರಿವಳಿಕೆಯನ್ನು ಕಲಿಸಿದವರು. ಉಸಿರನ್ನು ಉಳಿಸುವುದಕ್ಕೆ ಶಿಷ್ಯನು ತೆರೆದ ಹಾದಿ ಎಲ್ಲಿ ನಿಲ್ಲಬೇಕೆಂಬುದನ್ನು ಹದಿನಾರು ವರ್ಷಗಳ ಮೇಲೆ ಗುರುವು ಗುರುತಿಸಬೇಕಾಯಿತು.

ಭಾರತದಲ್ಲಿ ಮಿದುಳುಕಾಂಡದ ಸಾವಿಗೆ ಕಾನೂನಿನ ಮನ್ನಣೆ ದೊರೆತದ್ದು 1994ರ ಅಂಗಾಂಗ ಕಸಿ ಕಾಯಿದೆಯಿಂದ. ಚೇತರಿಕೆಯ ಆಸೆಯಿಲ್ಲದ ರೋಗಿಯಿಂದ ಯಂತ್ರದ ಆಸರೆಯನ್ನು ನಿಯಮಬದ್ಧವಾಗಿ ತೆಗೆಯಬಹುದೆಂಬ ಸುಪ್ರೀಂ ಕೋರ್ಟಿನ ವಿಸ್ತಾರವಾದ ತೀರ್ಪು 2018ರದು. ಅದರ ವಿಧಿಗಳನ್ನು ನ್ಯಾಯಾಲಯ 2023ರಲ್ಲಿ ಸರಳಗೊಳಿಸಿತು. ಅದನ್ನು ಆಚರಣೆಗೆ ತರುವ ಆದೇಶವನ್ನು ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಹೊರಡಿಸಿತು.

ಪೋಲಿಯೋ ರೋಗದ ಕೊನೆಯ ಸಹಜ ಪ್ರಕರಣ ಭಾರತದಲ್ಲಿ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. ಇಬ್ಸೆನ್ನರು ಅದನ್ನು ಕಾಣಲಿಲ್ಲ. 2007ರ ಆಗಸ್ಟ್ 7ರಂದು, ತೊಂಬತ್ತೆರಡನೆಯ ಹುಟ್ಟುಹಬ್ಬಕ್ಕೆ ಮೂರು ವಾರಗಳಿರುವಾಗ ತೀರಿಕೊಂಡರು. ಅವರು ವಾರ್ಡನ್ನು ತೆರೆದ ಕಮ್ಯೂನ್ ಆಸ್ಪತ್ರೆ 1999ರಲ್ಲಿ ಮುಚ್ಚಿತು. ಅದರ ಕಟ್ಟಡಗಳಲ್ಲಿ ಈಗ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಮಾಜವಿಜ್ಞಾನ ವಿಭಾಗಗಳ ತರಗತಿಗಳು ನಡೆಯುತ್ತಿವೆ.